ನಕ್ಷತ್ರ ಚುಕ್ಕೆಯಾಗಿಯೇ ಉಳಿಯಬೇಕಾದರೆ
(ಮಹಿಳಾ ವೇದಿಕೆಯ ಕೋಯಂಬೇಡು ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕೋಯಂಬೇಡು ಮಾರುಕಟ್ಟೆಗೆ ರಾತ್ರಿಯೇ ಹಗಲು. ಈ ಬೆಳಕಿನಲ್ಲಿ ನಕ್ಷತ್ರಗಳ ಚಿತ್ರ ತೆಗೆಯಲಾಗದು. ಅದಕ್ಕೇ ಅಮಾವಾಸ್ಯೆಯ ಆಸುಪಾಸಿನಲ್ಲಿ ಜವಾದಿ ಬೆಟ್ಟಗಳ ಕಡೆ ಹೋಗುತ್ತೇನೆ. ಕಾವಲೂರಿನ ವೈನು ಬಾಪ್ಪು ವೀಕ್ಷಣಾಲಯ ಇರುವುದೂ ಅಲ್ಲಿಯೇ. ಅದನ್ನು ನಡೆಸುವುದು ಬೆಂಗಳೂರಿನ ಸಂಸ್ಥೆ ಎಂಬುದು ನಮಗೆಲ್ಲ ಹೆಮ್ಮೆ.

ನನ್ನದು 120 ಫಿಲ್ಮಿನ ಪೆಂಟಾಕ್ಸ್ 67 ಕ್ಯಾಮೆರಾ. ಒಂದು ರೋಲಿಗೆ 10 ಚಿತ್ರ. ಒಂದೊಂದಕ್ಕೂ ಮುಕ್ಕಾಲು ಗಂಟೆ ಶಟರ್ ತೆರೆದಿರಬೇಕು. ಒಂದು ಚಿತ್ರ ಕೆಟ್ಟರೆ ಮುಂದಿನ ಅಮಾವಾಸ್ಯೆಗೆ ಕಾಯಬೇಕು.

ಚಿತ್ರ ಕೆಡಿಸುವುದು ಹೆಚ್ಚಾಗಿ ತೇವ. ಒಣ ಹಪ್ಪಳವನ್ನು ಮಳೆಗಾಲದಲ್ಲಿ ಡಬ್ಬಿಯಿಂದ ಹೊರಗಿಟ್ಟರೆ ಏನಾಗುತ್ತದೆಂದು ನಿಮಗೆ ಗೊತ್ತು. ಫಿಲ್ಮಿನ ಮೇಲಿನ ಜಿಲೆಟಿನ್ ಪದರವೂ ತೇವ ಹೀರಿ ಹಿಗ್ಗುತ್ತದೆ. ಕೆಳಗಿನ ಪ್ಲಾಸ್ಟಿಕ್ ಅಷ್ಟು ಹಿಗ್ಗುವುದಿಲ್ಲ. ಹೀಗಾಗಿ ಫಿಲ್ಮ್ ಬಾಗುತ್ತದೆ. ಹಗಲಿನ ಚಿತ್ರ ಕ್ಷಣಾರ್ಧದಲ್ಲಿ ಮುಗಿಯುವುದರಿಂದ ಅದು ಕಾಣುವುದಿಲ್ಲ. ಶಟರ್ ತೆರೆದಿರುವಾಗಲೇ ಫಿಲ್ಮ್ ಸರಿದರೆ ನಕ್ಷತ್ರ ಊದಿಕೊಳ್ಳುತ್ತದೆ.

ಹಿಂದೆ ಗಾಜಿನ ತಟ್ಟೆಗಳಿದ್ದಾಗ ಈ ಚಿಂತೆಯಿರಲಿಲ್ಲ. ಗಾಜು ಹೀಗೆ ಬಾಗುವುದಿಲ್ಲ. ಹಾರ್ವರ್ಡ್‌ನಲ್ಲಿ ಹೆನ್ರಿಯೆಟಾ ಲೀವಿಟ್ ಎಂಬ ಮಹಿಳೆ ಅಂಥ ತಟ್ಟೆಗಳ ಮೇಲಿನ ಚುಕ್ಕೆಗಳನ್ನು ಹೋಲಿಸಿ, ನಕ್ಷತ್ರಗಳ ದೂರ ಅಳೆಯುವ ದಾರಿಯನ್ನು 1912ರಲ್ಲಿ ತೋರಿಸಿಕೊಟ್ಟರು.

ಫಿಲ್ಮಿಗೆ ಉಪಾಯಗಳಿವೆ. ಕೆಲವರು ಹಿಂದಿನ ಪ್ಲೇಟಿಗೆ ಸಣ್ಣ ರಂಧ್ರ ಕೊರೆದು ಪಂಪಿನಿಂದ ಗಾಳಿ ಎಳೆದು ಫಿಲ್ಮನ್ನು ಹಿಡಿದಿಡುತ್ತಾರೆ. ಆದರೆ 120 ಫಿಲ್ಮಿನ ಹಿಂದೆ ಕಾಗದವಿದೆ. ಆ ಎಳೆತ ಕಾಗದವನ್ನು ಹಿಡಿಯುತ್ತದೆ, ಫಿಲ್ಮನ್ನಲ್ಲ.

ನಾನು ಅನುಸರಿಸುವುದು ಸರಳ ಕ್ರಮ. ಕ್ಯಾಮೆರಾವನ್ನು ಮೊದಲೇ ಹೊರಗಿಟ್ಟು ಅಲ್ಲಿನ ಗಾಳಿಗೆ ಹೊಂದಿಸುತ್ತೇನೆ. ಫಿಲ್ಮನ್ನು ನಿಧಾನವಾಗಿ ಮುಂದೆ ಸುತ್ತಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಶಟರ್ ತೆರೆಯುತ್ತೇನೆ. ಬಾಗುವುದಿದ್ದರೆ ಮೊದಲೇ ಬಾಗಿ ನಿಲ್ಲಲಿ, ನಡುವೆ ಅಲುಗದಿರಲಿ ಎಂದು. ಲೆನ್ಸನ್ನೂ ಕಿರಿದು ಮಾಡುತ್ತೇನೆ. ಎಫ್ 2.8ರಲ್ಲಿ ಫಿಲ್ಮ್ 0.1 ಮಿ.ಮೀ. ಸರಿದರೆ ಚುಕ್ಕೆ ಸುಮಾರು 0.036 ಮಿ.ಮೀ. ಹರಡುತ್ತದೆ, 5.6ರಲ್ಲಿ ಅದರ ಅರ್ಧ. ಅದಕ್ಕೆ ತೆರುವ ಬೆಲೆ ನಾಲ್ಕು ಪಟ್ಟು ಸಮಯ. ಹಾಗಾಗಿ ನಡುವಿನ 4ರಲ್ಲಿ ನಿಲ್ಲುತ್ತೇನೆ.

ರಾತ್ರಿಯಿಡೀ ಮನೆಯಿಂದ ಹೊರಗಿರುವ ಹೆಂಗಸಿಗೆ “ಇದೆಲ್ಲ ಯಾಕಮ್ಮಾ?” ಎನ್ನುವವರಿದ್ದಾರೆ. ಸಾವಿರಾರು ವರ್ಷ ಪ್ರಯಾಣ ಮಾಡಿ ಬಂದ ಬೆಳಕು. ಅದನ್ನು ಸರಿಯಾಗಿ ಬರಮಾಡಿಕೊಳ್ಳಲು ಒಂದು ರಾತ್ರಿ ನಿದ್ದೆಗೆಡುವುದು ನನಗೆ ಹೆಚ್ಚೆನಿಸುವುದಿಲ್ಲ. ಮುಂದಿನ ಅಮಾವಾಸ್ಯೆಗೆ ನಿಮ್ಮಲ್ಲಿ ಇಬ್ಬರಾದರೂ ಜೊತೆಗೆ ಬನ್ನಿ, ಸ್ವೆಟರ್ ಮರೆಯಬೇಡಿ.