ದುಡ್ಡು ಕಟ್ಟುವ ಮೊದಲು ಮೊಳಕೆ ನೋಡಿ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಯುವಜನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



 ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತನಾದವನು ನಾನು. ಇವತ್ತೂ ಒಂದು ಲೆಕ್ಕವನ್ನೇ ಹೇಳ್ತೀನಿ.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಯಾತಕ್ಕೆ? ರೈತ ಸಾಹುಕಾರನ ಬಡ್ಡಿಗೆ ಸಿಕ್ಕಿ ಮನೆಮಠ ಕಳೆದುಕೊಳ್ಳಬಾರದು ಅಂತ. ಇಂದು ಆ ಸಾಹುಕಾರ ಮೊಬೈಲಿನೊಳಗೆ ಬಂದು ಕೂತಿದ್ದಾನೆ. "ಆರು ತಿಂಗಳಲ್ಲಿ ಸಾಫ್ಟ್‌ವೇರ್ ಕಲಿಯಿರಿ, ಕೆಲಸ ಗ್ಯಾರಂಟಿ, ಫೀಸು ಕಂತಿನಲ್ಲಿ ಕಟ್ಟಿ" ಅಂತಾನೆ.

ನನ್ನ ತಂಗಿಯ ಮಗನೇ ಈ ಮಾತಿಗೆ ಮರುಳಾದ. ಫೀಸು ತೊಂಬತ್ತು ಸಾವಿರ. ಪಾಠ ಪೂರ್ತಿ ಇಂಗ್ಲಿಷಿನಲ್ಲಿ, ಓಡೋ ಕುದುರೆ ಹಾಗೆ. ಮೂರನೇ ವಾರಕ್ಕೆ ಬಿಟ್ಟ. ಪಾಠ ನಿಂತಿತು, ಕಂತು ನಿಲ್ಲಲಿಲ್ಲ! ಏಕೆಂದರೆ ಅದು ಫೀಸಿನ ಕಂತಲ್ಲ, ಬೇರೊಂದು ಫೈನಾನ್ಸ್ ಕಂಪನಿಯ ಸಾಲ. "ಮಾವ, ಫೋನಿಗೆ ಬಂದ ನಂಬರ್ ಕೇಳಿದ್ರು, ಹೇಳ್ದೆ. ಅದೇ ಸಾಲದ ಪತ್ರಕ್ಕೆ ಸಹಿ ಅಂತ ನಂಗೆ ಗೊತ್ತಿರ್ಲಿಲ್ಲ" ಅಂದ. ತಂಗಿ ಕರೆಯೋ ಹಸು ಮಾರಿ ಸಾಲ ತೀರಿಸಿದಳು. ಬಂಧುಗಳೇ, ಇನ್ನೊಂದು ಮನೆಯ ಕೊಟ್ಟಿಗೆ ಹೀಗೆ ಬರಿದಾಗಬಾರದು.

ನಾವು ಬಿತ್ತನೆ ಬೀಜ ತಂದಾಗ ಏನು ಮಾಡ್ತೀವಿ? ನೂರು ಕಾಳು ಎಣಿಸಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು, ಎಷ್ಟು ಮೊಳಕೆ ಬಂತು ನೋಡಿ ಆಮೇಲೆ ಹೊಲಕ್ಕಿಳೀತೀವಿ. ಆನ್‌ಲೈನ್ ಕೋರ್ಸಿಗೂ ಇದೇ ಪರೀಕ್ಷೆ ಸಾಕು.

ಮೊದಲು ಬೆಳೆ ಯಾವುದು ಅಂತ ತೀರ್ಮಾನಿಸಿ. "ಕಂಪ್ಯೂಟರ್ ಕಲೀಬೇಕು" ಅಂದರೆ "ಏನಾದರೂ ಬಿತ್ತಬೇಕು" ಅಂದ ಹಾಗಾಯಿತು. ಅಂಗಡಿ, ಲೆಕ್ಕಪತ್ರದ ಕೆಲಸಕ್ಕೆ ಟ್ಯಾಲಿ ಮತ್ತು ಜಿಎಸ್‌ಟಿ ಬೇಕು. ಕಚೇರಿಗೆ ಸ್ಪ್ರೆಡ್‌ಶೀಟ್ ಬೇಕು. ವೆಬ್‌ಸೈಟ್ ಮಾಡಲು ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್. ಅಂಕಿಅಂಶದ ಕೆಲಸಕ್ಕೆ ಎಸ್‌ಕ್ಯೂಎಲ್, ಪೈಥಾನ್. ಒಂದನ್ನು ಮಾತ್ರ ಹಿಡಿಯಿರಿ.

ಎರಡನೆಯದಾಗಿ, ಉಚಿತವಾಗಿ ಸಿಗುವುದನ್ನು ಮೊದಲು ನೋಡಿ. ಅಗ್ಗದ ಮಾಲು ಮುಗ್ಗಲು ಅನ್ನುವ ಗಾದೆ ಇಲ್ಲಿ ನಡೆಯೋದಿಲ್ಲ. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಸುಮಾರು ಹತ್ತು ಹತ್ತು ನಿಮಿಷದವು. ಲಿಬ್ರೆ ಆಫೀಸ್‌ನಂಥ ಅನೇಕ ಪಾಠಗಳು ಕನ್ನಡದಲ್ಲೇ ಇವೆ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಸುವ ಎನ್‌ಪಿಟಿಇಎಲ್ ಪಾಠಗಳನ್ನು, 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸ್ವಯಂ ತಾಣದಲ್ಲಿ ಪುಕ್ಕಟೆ ನೋಡಬಹುದು. ಸರ್ಟಿಫಿಕೇಟ್ ಬೇಕಾದವರು ಮಾತ್ರ ಶುಲ್ಕ ಕಟ್ಟಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು. ಇಂಗ್ಲಿಷ್ ಬಲ್ಲವರಿಗೆ ಫ್ರೀಕೋಡ್‌ಕ್ಯಾಂಪ್ ಇದೆ. ಅಲ್ಲಿ ವೆಬ್‌ಸೈಟ್ ಮಾಡುವ ಪಾಠವೂ ಉಚಿತ, ಸರ್ಟಿಫಿಕೇಟೂ ಉಚಿತ.

ಮೂರನೆಯದು, ಮೊಳಕೆ ಪರೀಕ್ಷೆ. ದಿನಕ್ಕೊಂದು ಗಂಟೆಯಂತೆ ಹದಿನೈದು ದಿನ ಕೂತು ಒಂದು ವಸ್ತು ಮಾಡಿ. ನಿಮ್ಮ ಮನೆಯ ಡೇರಿ ಪುಸ್ತಕದ ಹಾಲಿನ ಲೀಟರು, ಫ್ಯಾಟು, ದರ ಎಲ್ಲ ಸ್ಪ್ರೆಡ್‌ಶೀಟಿಗೆ ಹಾಕಿ, ಬಟವಾಡೆ ಮೊತ್ತ ತಾನೇ ಬರುವಂತೆ ಮಾಡಿ ನೋಡಿ. ಬಂತೇ? ಮೊಳಕೆ ಒಡೆಯಿತು, ಮುಂದುವರಿಯಿರಿ. ಬರಲಿಲ್ಲವೇ? ಹೋದದ್ದು ಹದಿನೈದು ಗಂಟೆ, ಹಸುವಲ್ಲ. ಪಾಠ ಬರೀ ನೋಡಿದರೆ ಈಜು ನೋಡಿದ ಹಾಗೆ. ಕೈ ಆಡಿಸಿದವನಿಗೇ ವಿದ್ಯೆ. ಬೇಗ ಕಲಿಯೋ ದಾರಿಯೂ ಅದೇ.

ಇಷ್ಟಾಗಿಯೂ ದುಡ್ಡು ಕೊಟ್ಟೇ ಕಲಿಯಬೇಕೆಂದರೆ ಹೀಗೆ ಕೇಳಿ: ಪಾಠಪಟ್ಟಿ ಬರಹದಲ್ಲಿ ಕೊಡ್ತೀರಾ? ಬಿಟ್ಟರೆ ದುಡ್ಡು ವಾಪಸು ಎಷ್ಟು? ಕಂತು ನಿಮಗೋ, ಸಾಲದ ಕಂಪನಿಗೋ? ಮೊದಲು ಕಲಿತವರ ಜತೆ ಮಾತಾಡಿಸ್ತೀರಾ? "ಇವತ್ತೇ ಕಟ್ಟಿದರೆ ರಿಯಾಯಿತಿ" ಎಂದು ಅವಸರ ಮಾಡುವವರಿಗೆ ದೂರದಿಂದಲೇ ಕೈಮುಗಿಯಿರಿ. ಫೋನಿಗೆ ಬಂದ ನಂಬರನ್ನು ಯಾರಿಗೂ ಹೇಳಬೇಡಿ.

ನನ್ನ ಸೋದರಳಿಯ ಆಮೇಲೆ ಕನ್ನಡದ ಪಾಠ ನೋಡಿಯೇ ಸ್ಪ್ರೆಡ್‌ಶೀಟ್ ಕಲಿತ. ಈಗ ತಾಲ್ಲೂಕಿನಲ್ಲಿ ಒಬ್ಬ ಆಡಿಟರ ಹತ್ತಿರ ಕೆಲಸಕ್ಕಿದ್ದಾನೆ. ದೊಡ್ಡ ಸಂಬಳವೇನಲ್ಲ. ಆದರೆ ಮೊನ್ನೆ ಅಮ್ಮನಿಗೆ ಒಂದು ಕಡಸು ಕೊಡಿಸಿದ.

ಕೊನೆಗೊಂದು ಬಿನ್ನಹ. ನಮ್ಮಂಥ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಲೆಕ್ಕದ ಕಂಪ್ಯೂಟರನ್ನು ಹುಡುಗರ ಕೈಗೆ ಕೊಡಿ ಅನ್ನುವುದಿಲ್ಲ. ಬೆಳ್ಳಿಹಬ್ಬದ ನೆನಪಿಗೆ ಎರಡು ಹಳೇ ಕಂಪ್ಯೂಟರ್ ಕೊಂಡು, ಸಂಜೆ ಎರಡು ಗಂಟೆ ಸಭಾಂಗಣದ ಬಾಗಿಲು ತೆರೆದಿಡಿ. ನಾಲ್ಕು ಜನ ಕೂಡಿ ಕಲಿತರೆ ಮಧ್ಯದಲ್ಲಿ ಬಿಡುವವರು ಕಡಿಮೆ. ಅದೂ ಸಹಕಾರವೇ ಅಲ್ಲವೇ? ಕೂತು ಹೇಳಿಕೊಡಲು ನಾನಿದ್ದೇನೆ. ಸಂಬಳ ಬೇಡ, ಒಂದು ಲೋಟ ಕಾಫಿ ಸಾಕು.

 ಜೈ ಸಹಕಾರ.