ಹೊಳೆಯನ್ನು ಕಾಯುವ ಯೋಜನೆ ಯಾರದಾಗಬೇಕು?

(ತಾಲ್ಲೂಕು ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಭೂಮಿಯ ಪ್ರಶ್ನೆ, ಕೂಲಿಯ ಪ್ರಶ್ನೆ, ರೇಶನ್ನಿನ ಪ್ರಶ್ನೆಗಳನ್ನು ಬಿಟ್ಟು ಮೀನು, ಸಿಗಡಿ, ಕಪ್ಪೆಗಳ ಮಾತನ್ನು ಏಕೆ ಎತ್ತಿಕೊಂಡಿರೆಂದು ಕೆಲವರು ನಮ್ಮನ್ನು ಕೇಳಿದ್ದಾರೆ. ನಾವು ಯಾವುದನ್ನೂ ಬಿಟ್ಟಿಲ್ಲ. ಹೊಳೆಯ ಮೀನು ಯಾರ ಮನೆಯ ಮಡಕೆಗೆ ಬೀಳುತ್ತದೆಂಬುದನ್ನು ನೋಡಿದರೆ ಇದೂ ಅದೇ ಪ್ರಶ್ನೆಯೆಂದು ತಿಳಿಯುತ್ತದೆ. ಪೇಟೆಯಲ್ಲಿ ರೊಕ್ಕ ಕೊಟ್ಟು ಬಂಗಡೆ ಕೊಳ್ಳಲಾರದವನು ಹಳ್ಳಕ್ಕೆ ಕೂಳಿ ಒಡ್ಡುತ್ತಾನೆ. ಆ ಹಳ್ಳ ಸತ್ತರೆ ತೋಟದ ಧಣಿಯ ಊಟಕ್ಕೆ ಕೊರತೆಯಾಗುವುದಿಲ್ಲ.

ಪಶ್ಚಿಮಘಟ್ಟದ ಸಿಹಿನೀರಿನಲ್ಲಿ ಬಾಳುವ ಮೀನು, ಬಸವನಹುಳು, ಚಿಪ್ಪಿನ ಜೀವಿ, ಏರೋಪ್ಲೇನ್ ಚಿಟ್ಟೆ, ನೀರಗಿಡ ಎಲ್ಲವನ್ನೂ ಕೂಡಿಸಿ 1,146 ಬಗೆಗಳನ್ನು ವಿಜ್ಞಾನಿಗಳು ಪರಿಶೀಲಿಸಿ 2011ರಲ್ಲಿ ವರದಿ ಕೊಟ್ಟರು. ಅವುಗಳಲ್ಲಿ ನೂರಕ್ಕೆ ಸುಮಾರು 16 ಬಗೆಗಳು ಅಳಿವಿನ ಅಂಚಿಗೆ ಬಂದಿವೆಯೆಂದು ತೇಲಿತು. ಮೀನುಗಳ ಲೆಕ್ಕವನ್ನಷ್ಟೇ ತೆಗೆದರೆ ಮೂರರಲ್ಲೊಂದು ಪಾಲು. ಘಟ್ಟದ ಮೀನುಗಳಲ್ಲಿ ಬಹಳಷ್ಟು ಇಲ್ಲಿ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲಿಯೂ ಇಲ್ಲ. ಇಲ್ಲಿ ಹೋದರೆ ಹೋದಂತೆಯೇ.

ಹಾಗಾದರೆ ಇಷ್ಟೆಲ್ಲ ಅಭಯಾರಣ್ಯಗಳಿದ್ದು ಏನು ಮಾಡಿದವು? ಕಾಯ್ದಿಟ್ಟ ಕಾಡಿನ ನಕ್ಷೆಯನ್ನು ಬರೆದವರು ಗುಡ್ಡವನ್ನು ನೋಡಿ ಬರೆದರು, ಹುಲಿಯನ್ನು ನೋಡಿ ಬರೆದರು. ಹೊಳೆ ಅಡ್ಡ ಬಂದಲ್ಲಿ ಅನೇಕ ಕಡೆ ಅದನ್ನೇ ಗಡಿಯೆಂದು ಗೆರೆ ಎಳೆದುಬಿಟ್ಟರು. ಒಂದು ದಡ ಕಾನೂನಿನ ಒಳಗೆ, ಇನ್ನೊಂದು ಹೊರಗೆ. ಮೀನು ಯಾವ ದಡದ ಪ್ರಜೆಯೆಂದು ಕೇಳಿದವರಿಲ್ಲ. ನಮ್ಮ ಸಿದ್ದಾಪುರದ ಕತ್ತಲೆಕಾನನ್ನೇ ನೋಡಿರಿ. ಅಲ್ಲಿಯ ರಾಮಪತ್ರೆ ಜಡ್ಡಿಗಳಲ್ಲಿ ಮರಗಳು ಮಂಡಿಯೂರಿದಂತೆ ಬೇರನ್ನು ಮೇಲೆತ್ತಿ ನೀರಿನಲ್ಲಿಯೇ ನಿಂತಿರುತ್ತವೆ. ಬೇಸಗೆಯಲ್ಲಿಯೂ ಅಲ್ಲಿ ನೀರು ಒಸರುತ್ತದೆ. ಕೆಳಗಿನ ಹಳ್ಳಕ್ಕೆ ಅದೇ ತಾಯಿ. 2011ರಲ್ಲಿ ಆ ಸೀಮೆಯನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲೆಂದು ಸಾರಿದರು. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಸೇರಿಸಿ 930 ಚದರ ಕಿಲೋಮೀಟರಿನಷ್ಟು ದೊಡ್ಡದು ಮಾಡಿದರು. ಒಳ್ಳೆಯದೇ. ಮಂಗನ ಪುಣ್ಯದಿಂದ ಜಡ್ಡಿಯೂ ಉಳಿಯಿತು. ಆದರೆ ಅಭಯಾರಣ್ಯದ ಗಡಿ ದಾಟಿದ ಮೇಲೆ ಆ ನೀರಿನ ಗತಿಯೇನು?

ದೇವಸ್ಥಾನಗಳ ಮತ್ಸ್ಯತೀರ್ಥಗಳಿಗೂ ಇದೇ ಮಿತಿ. ಶೃಂಗೇರಿಯಲ್ಲಿ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿ, ಬೆಳ್ತಂಗಡಿಯ ಶಿಶಿಲದಲ್ಲಿ ಸರ್ಕಾರದ ಕಾನೂನು ಬರುವ ಮೊದಲೇ ಜನ ಮೀನನ್ನು ಕಾಯ್ದಿದ್ದಾರೆ. ಅವರಿಗೆ ನಮ್ಮ ನಮಸ್ಕಾರ. ಆದರೆ 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ದುಷ್ಟರು ವಿಷ ಹಾಕಿದಾಗ ದೇವರ ಮೀನುಗಳು ರಾಶಿರಾಶಿಯಾಗಿ ಸತ್ತವು. ಅವುಗಳಿಗೆ ಊರವರು ಸ್ಮಾರಕ ಕಟ್ಟಿದರು. ನೀರಿಗೆ ಬೇಲಿ ಹಾಕಲು ಬರುವುದಿಲ್ಲ. ಮೇಲೆ ಬಿದ್ದದ್ದು ಕೆಳಗೆ ಬರುತ್ತದೆ.

ಹೊಳೆಯ ಜೀವಗಳು ಒಂದೇ ಕಡೆ ಕುಳಿತಿರುವುದೂ ಇಲ್ಲ. ಮಹಶೀರ್ ಮೀನು ಮಳೆಯ ನೀರಿಗೆ ಎದುರಾಗಿ ಏರಿ, ಮೇಲಿನ ಜಲ್ಲಿಗಲ್ಲಿನ ಹಾಸಿನಲ್ಲಿ ಮೊಟ್ಟೆಯಿಡುತ್ತದೆ. ಸಿಹಿನೀರಿನ ದೊಡ್ಡ ಸಿಗಡಿಯದು ಇದರ ತಿರುವು: ಬೆಳೆಯುವುದು ಹೊಳೆಯಲ್ಲಿ, ಮರಿಮಾಡುವುದಕ್ಕೆ ಇಳಿಯುವುದು ಅಳಿವೆಯ ಚೌಳು ನೀರಿಗೆ. ನಡುವೆ ಒಂದು ಅಣೆಕಟ್ಟು ನಿಂತರೆ ಎರಡರ ವಂಶವೂ ಕುಂದುತ್ತದೆ. ಮೇಲೆ ಹತ್ತು ಎಕರೆ, ಕೆಳಗೆ ಹತ್ತು ಎಕರೆ ಕಾಯ್ದಿಟ್ಟರೂ ಪ್ರಯೋಜನವಿಲ್ಲ.

ಇದನ್ನು ಪುಸ್ತಕದ ಮಾತೆಂದು ತಳ್ಳುವವರು ನಮ್ಮ ಜಿಲ್ಲೆಯ ಎರಡು ಹೊಳೆಗಳನ್ನು ಹೋಲಿಸಿ ನೋಡಲಿ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಕಟ್ಟೆಯಾಯಿತು, ಮುಂದೆ ಗೇರುಸೊಪ್ಪೆಯಲ್ಲಿ ಇನ್ನೊಂದಾಯಿತು. ಅಘನಾಶಿನಿಯೋ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಒಂದೂ ದೊಡ್ಡ ಕಟ್ಟೆಯಿಲ್ಲದೆ ತದಡಿಯ ಬಳಿ ಸಮುದ್ರ ಸೇರುತ್ತದೆ. ಎರಡು ಅಳಿವೆಗಳೂ ನೆರೆಹೊರೆಯವು. ವಿದ್ಯುದಾಗಾರದಿಂದ ಬೇಸಗೆಯಲ್ಲಿಯೂ ಸಿಹಿನೀರು ಬಿಡುತ್ತ ಬಂದುದರಿಂದ ಶರಾವತಿಯ ಅಳಿವೆಯ ಉಪ್ಪು ಇಳಿದುಹೋಯಿತು. ಉಪ್ಪಿಲ್ಲದೆ ಬಳಚು ಬಾಳದು. ಅಲ್ಲಿ ಬಳಚು, ಮೀನು ತೀರ ಕಡಿಮೆಯಾದುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಅಘನಾಶಿನಿಯ ಅಳಿವೆಯಲ್ಲಿ ಹೆಂಗಸರು ಗಂಡಸರು ಸೊಂಟದ ನೀರಿನಲ್ಲಿ ನಿಂತು ಬಳಚು ಹೆಕ್ಕಿ ಸಂಸಾರ ಸಾಗಿಸುತ್ತಾರೆ. ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಘಟ್ಟದ ಮೇಲೆ ಬಿದ್ದ ಮಳೆ ಋತುವಿಗೆ ತಕ್ಕಂತೆ ಕೆಳಗಿಳಿಯುವುದೇ ಅವರ ಆಸ್ತಿ. ಅದಕ್ಕೆ ಪಹಣಿ ಪತ್ರಿಕೆಯಿಲ್ಲ. ಕಸಿದುಕೊಂಡರೆ ಪರಿಹಾರವೂ ಇಲ್ಲ.

2024ರಲ್ಲಿ ಈ ಅಳಿವೆಯ 4,801 ಹೆಕ್ಟೇರು ರಾಮ್ಸಾರ್ ಪಟ್ಟಿಗೆ ಸೇರಿತು. ಹಿಂದೆ ಇದೇ ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲ ಸ್ಥಾವರ ತರಲು ಹೊರಟಾಗ ತಡೆದವರು ಈ ಮೀನುಗಾರರೂ ರೈತರೂ ಎಂಬುದನ್ನು ಪ್ರಶಸ್ತಿಪತ್ರ ಹಿಡಿದವರು ಮರೆಯಕೂಡದು. ಪಟ್ಟಿಗೆ ಸೇರಿದ್ದು ಅಳಿವೆ ಮಾತ್ರ. ಮೇಲಿನ ನೂರು ಕಿಲೋಮೀಟರು ಹೊಳೆಯನ್ನು ತಿರುಗಿಸಿ ಬಯಲುಸೀಮೆಗೆ ಒಯ್ಯುವ ಮಾತು ಆಗಾಗ ತಲೆಯೆತ್ತುತ್ತಲೇ ಇದೆ.

ಯೋಜನೆ ಹೇಗಿರಬೇಕು? 2007ರಲ್ಲಿ ರಾಬಿನ್ ಏಬೆಲ್ ಮತ್ತು ಸಂಗಡಿಗರು ಒಂದು ದಾರಿ ತೋರಿಸಿದರು. ನಾವು ಅದನ್ನು ನಮ್ಮ ಹೊಳೆಗೆ ಹೊಂದಿಸಿ ಹೇಳುತ್ತೇವೆ. ಮೀನು ಬೇಸಗೆ ಕಳೆಯುವ ಮಡುಗಳು, ಮೊಟ್ಟೆಯಿಡುವ ಜಲ್ಲಿಹಾಸು, ರಾಮಪತ್ರೆ ಜಡ್ಡಿ, ಇವು ತಿರುಳು. ಇಲ್ಲಿ ಬಿಗಿ ಕಾವಲು ಬೇಕು. ಆದರೆ ಇವು ಚಿಕ್ಕ ಚಿಕ್ಕ ಜಾಗಗಳು. ಆ ತಿರುಳನ್ನು ಬದುಕಿಸುವ ಹರಿವು, ದಡದ ಮರ, ಮೀನೇರುವ ದಾರಿ ಎರಡನೆಯವು. ಇಲ್ಲಿ ಜನ ಮೀನು ಹಿಡಿಯಲಿ, ನೀರು ಎತ್ತಲಿ. ಸಿಡಿಮದ್ದು, ವಿಷ, ಯಂತ್ರದ ಮರಳುಗಾರಿಕೆ, ಹೊಸ ಕಟ್ಟೆ ಮಾತ್ರ ಕೂಡದು. ಇನ್ನುಳಿದ ಕಣಿವೆಯೆಲ್ಲ, ಅಂದರೆ ತೋಟ, ಗದ್ದೆ, ಸೊಪ್ಪಿನ ಬೆಟ್ಟ ಮೂರನೆಯದು. ಅಲ್ಲಿ ಒಕ್ಕಲುತನ ನಡೆಯುತ್ತಲೇ ಇರಬೇಕು, ತುಸು ಎಚ್ಚರದಿಂದ. ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತದ ಔಷಧಿ ಮೀನಿಗೆ ವಿಷ. ಹೊಡೆಯಬೇಡಿರೆಂದು ಹೇಳಲು ನಮಗೆ ಬಾಯಿಲ್ಲ, ಅಡಿಕೆ ಕೊಳೆತರೆ ಸಣ್ಣ ತೋಟದವನ ಗತಿ ನಮಗೆ ಗೊತ್ತು. ಉಳಿದ ದ್ರಾವಣವನ್ನು ಹಳ್ಳಕ್ಕೆ ಚೆಲ್ಲಬೇಡಿ, ಡ್ರಮ್ಮನ್ನು ಹಳ್ಳದಲ್ಲಿ ತೊಳೆಯಬೇಡಿ ಎಂದಾದರೂ ಹೇಳಬಹುದಲ್ಲ.

ಇಲ್ಲಿಗೆ ತಜ್ಞರ ಮಾತು ಮುಗಿಯಿತು, ನಮ್ಮದು ಶುರುವಾಗುತ್ತದೆ. ತ್ಯಾಗ ಮಾಡುವವರು ಯಾರು? ನಾಡಿಗೆ ದೀಪ ಬೇಕೆಂದಾಗ ಶರಾವತಿ ಕಣಿವೆಯ ಜನ ಮನೆ, ಗದ್ದೆ ಮುಳುಗಿಸಿಕೊಂಡು ಎದ್ದುಬಂದರು. ಅರವತ್ತು ವರ್ಷ ಕಳೆದರೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದ ಕುಟುಂಬಗಳಿದ್ದವು. ನಾಡಿಗೆ ಕಾಡು ಬೇಕೆಂದಾಗ ಮತ್ತೆ ಅವರನ್ನೇ ಅತಿಕ್ರಮಣಕಾರರೆಂದರು. ಈಗ ಅದೇ ಅಭಯಾರಣ್ಯದೊಳಗೆ ತಲಕಳಲೆ ಮತ್ತು ಗೇರುಸೊಪ್ಪೆಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಹೂಡಿದ್ದಾರೆ. 2025ರ ಅಹವಾಲು ಸಭೆಗಳಲ್ಲಿ ಜನ ಎದ್ದುನಿಂತು ಬೇಡವೆಂದರು. ಬಡವ ಕಡಿದ ಸೌದೆಯ ಹೊರೆಗೆ ದಂಡ ಹಾಕುವ ಕಾನೂನು ಸುರಂಗಕ್ಕೆ ದಾರಿ ಬಿಡುವುದಾದರೆ, ಸಂರಕ್ಷಣೆಯೆಂಬ ಮಾತನ್ನು ಹಳ್ಳಿಯವನು ನಂಬುವುದು ಹೇಗೆ?

ಆದ್ದರಿಂದ ಮಡುಗಳ ಪಟ್ಟಿಯನ್ನು ಬೆಂಗಳೂರಿನಲ್ಲಿ ಕುಳಿತು ಬರೆಯಕೂಡದು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯತಿಯಲ್ಲಿಯೂ ಒಂದು ನಿರ್ವಹಣಾ ಸಮಿತಿ ಇರತಕ್ಕದ್ದು. ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ಒಂದು ಜಾಗವನ್ನು ಪಾರಂಪರಿಕ ತಾಣವೆಂದು ಸಾರಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಬಹಳ ಕಡೆ ಈ ಸಮಿತಿ ಕಾಗದದ ಮೇಲೆ ಮಲಗಿದೆ. ಅದನ್ನು ಎಬ್ಬಿಸುವುದು ನಮ್ಮ ಕೆಲಸ. ಮೀನು ಹಿಡಿಯುವವರನ್ನೂ ಬಳಚು ಹೆಕ್ಕುವ ಹೆಂಗಸರನ್ನೂ ಅದರಲ್ಲಿ ಕೂರಿಸಬೇಕು. ಯಾವ ಮಡುವನ್ನು ಬಿಡಬೇಕು, ಮೊದಲ ಮಳೆಯ ಏರುಮೀನಿಗೆ ಎಷ್ಟು ದಿನ ಕೂಳಿ ಎತ್ತಿಡಬೇಕು ಎಂಬುದನ್ನು ಅವರೇ ಗೊತ್ತುಮಾಡಲಿ. ಕೂಳಿ ಎತ್ತಿಟ್ಟ ದಿನಗಳಿಗೆ ಸರ್ಕಾರ ಅವರ ಕೈಗೆ ಕೂಲಿ ಕೊಡಲಿ. ಮೀನು ಉಳಿದರೆ ಅದು ನಾಡಿನದಲ್ಲವೇ?

ಬರುವ ಗ್ರಾಮಸಭೆಗೆ ಮುಂಚೆ ನಮ್ಮ ಕಾರ್ಯಕರ್ತರು ಹೊಳೆಯ ದಡ ಹಿಡಿದು ಮೇಲಿನಿಂದ ಕೆಳಗಿನವರೆಗೆ ನಡೆಯಬೇಕೆಂದು ಕೇಳಿಕೊಳ್ಳುತ್ತೇವೆ. ಪ್ರತಿ ಮಡುವಿನ ಹೆಸರು, ಬೇಸಗೆಯಲ್ಲಿ ಅಲ್ಲಿ ನಿಲ್ಲುವ ನೀರಿನ ಆಳ, ಹಿಂದೆ ಸಿಗುತ್ತಿದ್ದ ಮೀನು, ಈಗ ಸಿಗದಿರುವುದು, ಇಷ್ಟನ್ನು ಮುದುಕರನ್ನು ಕೇಳಿ ಬರೆದುಕೊಳ್ಳಿರಿ. ಬರೆಯುವುದಕ್ಕೆ ಶಾಲೆಯ ಹುಡುಗರನ್ನೂ ಜೊತೆಗೆ ಕರೆದುಕೊಳ್ಳಿರಿ. ಪಟ್ಟಿ ಸಿದ್ಧವಾದೊಡನೆ ಒಂದು ಪ್ರತಿ ಪಂಚಾಯತಿಗೆ, ಒಂದು ಪ್ರತಿ ಈ ಪತ್ರಿಕೆಗೆ ಬರಲಿ.