ವಯಸ್ಸಿಗೆ ತಕ್ಕ ನಿದ್ದೆ



ಮನೆಯಲ್ಲಿ ಅಜ್ಜ ನಸುಕಿನ 3ಕ್ಕೇ ಎದ್ದು ಕೂರುತ್ತಾರೆ. ಮೊಮ್ಮಗ 8 ಆದರೂ ಏಳುವುದಿಲ್ಲ. ಒಬ್ಬರನ್ನು ನಿಷ್ಠಾವಂತರೆಂದು ಹೊಗಳುತ್ತೇವೆ, ಇನ್ನೊಬ್ಬನನ್ನು ಸೋಮಾರಿಯೆಂದು ಬಯ್ಯುತ್ತೇವೆ. ಇದು ನ್ಯಾಯವೇ?

ನಿದ್ದೆ, ಎಚ್ಚರಗಳ ಹೊತ್ತನ್ನು ನಡೆಸುವ ಗಡಿಯಾರ ನಮ್ಮ ದೇಹದೊಳಗೇ ಇದೆ. ಅದು ನಡೆಯುವ ಬಗೆಯನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹರೆಯದಲ್ಲಿ ಈ ಗಡಿಯಾರ ಹಿಂದೆ ಬೀಳುತ್ತದೆ. ನಿದ್ದೆಗೆ ಸೂಚನೆ ಕೊಡುವ ಮೆಲಟೋನಿನ್ ರಾತ್ರಿ ತಡವಾಗಿ ಸ್ರವಿಸುತ್ತದೆ. ಮೊಬೈಲಿನ ಬೆಳಕು ಅದನ್ನು ಇನ್ನಷ್ಟು ತಡಮಾಡುತ್ತದೆ. ಆ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಮುಪ್ಪಿನಲ್ಲಿ ಗಡಿಯಾರ ಮುಂದೆ ಓಡುತ್ತದೆ: ಸಂಜೆಗೇ ತೂಕಡಿಕೆ, ನಸುಕಿಗೇ ಎಚ್ಚರ. ಗಾಢ ನಿದ್ದೆ ಕಡಿಮೆಯಾಗಿ ನಡುನಡುವೆ ಎಚ್ಚರವಾಗುತ್ತದೆ. ಆದರೂ ಹಿರಿಯರಿಗೆ 7ರಿಂದ 8 ಗಂಟೆ ನಿದ್ದೆ ಬೇಕು.

"ವಯಸ್ಸಾಯಿತು, ಇನ್ನೆಲ್ಲಿಯ ನಿದ್ದೆ" ಎಂಬ ಮಾತು ಬಿಡೋಣ. ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆ ನುಂಗುವುದನ್ನೂ ಬಿಡೋಣ. ರಾತ್ರಿ ಎದ್ದಾಗ ತಲೆಸುತ್ತಿ ಬಿದ್ದು ಮೂಳೆ ಮುರಿದೀತು. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ಮುಗಿಯಲಿ. ಸಂಜೆಯ ಬೆಳಕಿನಲ್ಲಿ ಸ್ವಲ್ಪ ನಡೆಯಿರಿ. ಗೊರಕೆಯ ನಡುವೆ ಉಸಿರು ಕಟ್ಟಿದರೆ, ಮನಸ್ಸಿನ ಕೊರಗಿನಿಂದ ನಿದ್ದೆ ಬಾರದಿದ್ದರೆ, ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬೇಡಿ, ವೈದ್ಯರಿಗೆ ತೋರಿಸಿ.

ನಸುಕಿನಲ್ಲಿ ಎಚ್ಚರವಾದವರು ಇಷ್ಟಲಿಂಗ ಪೂಜೆಗೆ ಕೂರಲಿ. ಮಲಗಿರುವ ಮಗುವನ್ನು ಬಯ್ದು ಎಬ್ಬಿಸದಿರಲಿ. ಆ ಕರುಣೆಯೂ ಪೂಜೆಯ ಭಾಗವೇ.